ಪದ ಪರಿಚಯ: ಭ್ರೂಣ

'ಭ್ರೂಣ' ಸಂಸ್ಕೃತದಿಂದ ಬಂದ ಪದ. 'ಹೊರು' ಎಂಬರ್ಥದ 'ಭೃ' ಧಾತುವಿಗೆ ಇದನ್ನು ಸಾಮಾನ್ಯವಾಗಿ ಜೋಡಿಸುತ್ತಾರೆ. ಅಂದರೆ ತಾಯಿ ಹೊತ್ತದ್ದು. ಪ್ರನಾಳ ಶಿಶು ಚಿಕಿತ್ಸೆಯಲ್ಲಾದರೋ ಅದನ್ನು ಮೊದಲು ಹೊರುವುದು ಪ್ರಯೋಗಾಲಯದ ತಟ್ಟೆ. ಭಾರತದ ಕಾನೂನು ಫಲೀಕರಣದಿಂದ 56 ದಿನಗಳವರೆಗೆ ಎಂಬ್ರಿಯೊ, 57ನೇ ದಿನದಿಂದ ಫೀಟಸ್ ಎಂದು ಗೆರೆ ಎಳೆದಿದೆ. ಕನ್ನಡದ ರೂಢಿ ಎರಡನ್ನೂ ಭ್ರೂಣವೆನ್ನುವುದರಿಂದ 'ಹೆಣ್ಣು ಭ್ರೂಣಹತ್ಯೆ'ಯ ಕಳಂಕ 'ಭ್ರೂಣ ಸಂಶೋಧನೆ'ಗೂ ಅಂಟಿಕೊಳ್ಳುತ್ತದೆ.

ಹಾಗಾದರೆ ಹೊಸ ಪದ ಟಂಕಿಸೋಣವೇ? ಬ್ರಿಟನ್‌ನಲ್ಲಿ 1984ರ ವಾರ್ನಾಕ್ ವರದಿ ಸಂಶೋಧನೆಗೆ 14 ದಿನಗಳ ಮಿತಿ ಸೂಚಿಸಿದ ಬಳಿಕ, ಕೆಲವರು ಆ ಹಂತವನ್ನು 'ಪೂರ್ವಭ್ರೂಣ' ಎಂದರು. ಹೆಸರು ಬದಲಿಸಿ ನೈತಿಕ ಪ್ರಶ್ನೆ ಮರೆಸುವ ಜಾಣತನವಿದು ಎಂಬ ಆಕ್ಷೇಪ ಬಂತು. ಆಕ್ಷೇಪ ನ್ಯಾಯವಾದದ್ದೇ. ಆದ್ದರಿಂದ ಪದ ಹಾಗೇ ಇರಲಿ, ಜೊತೆಗೆ ದಿನಗಳ ಲೆಕ್ಕವೂ ಇರಲಿ. ಮಿತಿಯನ್ನು 28 ದಿನಕ್ಕೆ ಏರಿಸಬೇಕೇ ಎಂಬ ಇಂದಿನ ಚರ್ಚೆಗೂ ಬೇಕಾದದ್ದು ಆ ಲೆಕ್ಕವೇ.