ಕಳ್ಳಿಗೆ ಹೆಸರು ಹುಡುಕುತ್ತಾ: ಮೈಸೂರು, ಸಿಲೋನ್, ಮಡಗಾಸ್ಕರ್

ಹಿಮಾಯತ್‌ನಗರದಿಂದ ಮತ್ತೊಂದು ಕಂತು. ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ, ಆಫೀಸಿಗೆ ಹೋಗ್ತಾ ಮೆಟ್ರೋದಲ್ಲಿ ಓದಿಕೊಳ್ಳುವವರಿಗೆ ಎಂದಿನಂತೆ ಇದು ಬರಹರೂಪ.

ಇವತ್ತಿನ ವಿಷಯ ಒಂದು ಮುಳ್ಳಿನ ಗಿಡ. ಮೂರು ದಿನ ರಜೆ ಒಟ್ಟಿಗೆ ಸಿಕ್ಕರೆ ನಮ್ಮವರು ಶ್ರೀಲಂಕಾಗೋ ಮಾರಿಷಸ್‌ಗೋ ಹೊರಡ್ತಾರೆ. ಅಲ್ಲಿ ಆಳೆತ್ತರ ಮೀರಿ ಬೆಳೆದ, ಮೈತುಂಬ ಮುಳ್ಳಿರುವ, ಹಸಿರು ಕಂಬದಂಥ ಮರವೊಂದು ಕಣ್ಣಿಗೆ ಬಿತ್ತು ಅಂದುಕೊಳ್ಳಿ. ಎಲೆ ಕಾಣಿಸಲ್ಲ. ಕೊಂಬೆ ಒಳಗೆಲ್ಲ ನೀರು ತುಂಬಿದ ತಿರುಳು. ಫೋಟೋ ತೆಗೆದು ‘ಕ್ಯಾಕ್ಟಸ್’ ಅಂತ ಸ್ಟೇಟಸ್‌ಗೆ ಹಾಕಿಬಿಡ್ತೇವೆ. ಅದು ನಿಜವಾಗಿ ಕ್ಯಾಕ್ಟಸ್ಸಾ? ಈ ಪ್ರಶ್ನೆಗೆ ಉತ್ತರ ಹುಡುಕಲು ಹೋದರೆ ಗಿಡಕ್ಕಿಂತ ಹೆಚ್ಚಾಗಿ ಮನುಷ್ಯರ ಕಥೆ ಸಿಗುತ್ತೆ. ಆ ಕಥೆಯಲ್ಲಿ ನಮ್ಮ ಮೈಸೂರು ಸಂಸ್ಥಾನವೂ ಇದೆ.

ಮೊದಲು ಗುರುತು ಹಿಡಿಯೋದು ಹೇಗೆ ಅಂತ ನೋಡೋಣ. ಕ್ಯಾಕ್ಟಸ್ ಆದರೆ ಮುಳ್ಳುಗಳು ಒಂದು ಸಣ್ಣ ಮೆತ್ತನೆಯ ಚುಕ್ಕಿಯಿಂದ ಗೊಂಚಲಾಗಿ ಹೊರಡುತ್ತವೆ. ಹೂವು ದೊಡ್ಡದು, ಬಣ್ಣದ್ದು. ನಮ್ಮ ಬಯಲುಸೀಮೆಯ ಬೆಟ್ಟಗುಡ್ಡಗಳಲ್ಲಿ ಬೆಳೆಯುವ ಚದುರಗಳ್ಳಿಯನ್ನು ನೆನಪಿಸಿಕೊಳ್ಳಿ. ಅದರಲ್ಲಿ ಏಣುಗಳ ಉದ್ದಕ್ಕೂ ಮುಳ್ಳುಗಳು ಜೋಡಿ ಜೋಡಿಯಾಗಿವೆ, ಹೂವು ಇದೆಯೋ ಇಲ್ಲವೋ ಅನ್ನುವಷ್ಟು ಸಣ್ಣದು, ಗಾಯವಾದರೆ ಬಿಳಿ ಹಾಲು ಸುರಿಯುತ್ತೆ. ಇದು ಯೂಫೋರ್ಬಿಯಾ ಕುಲದ್ದು. ಎಲೆಗಳ್ಳಿಯೂ ಇದೇ ಕುಲ. ಕ್ಯಾಕ್ಟಸ್‌ಗೂ ಇವಕ್ಕೂ ನೆಂಟಸ್ತಿಕೆ ಇಲ್ಲ. ನೀರಿಲ್ಲದ ಜಾಗದಲ್ಲಿ ಬದುಕಬೇಕಾಗಿ ಬಂದು ಎರಡೂ ಒಂದೇ ರೂಪ ತಾಳಿವೆ, ಅಷ್ಟೇ. ಪರೀಕ್ಷೆ ಮಾಡ್ತೀನಿ ಅಂತ ಚಾಕು ಹಾಕಬೇಡಿ. ಆ ಹಾಲು ಕಣ್ಣಿಗೆ ಬಿದ್ದರೆ ಉರಿಯಷ್ಟೇ ಅಲ್ಲ, ಸ್ವಲ್ಪ ದಿನ ಕಣ್ಣೇ ಮಂಜಾಗಬಹುದು. ಅಕಸ್ಮಾತ್ ಬಿದ್ದರೆ ಚೆನ್ನಾಗಿ ನೀರಿನಲ್ಲಿ ತೊಳೆದು ಸೀದಾ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

ಇನ್ನೊಂದು ಸುಳಿವು ಇತಿಹಾಸದ್ದು. ಕ್ಯಾಕ್ಟಸ್ ಕುಟುಂಬದ ತವರು ಅಮೆರಿಕ ಖಂಡಗಳು. ಮರಗಳ ಮೇಲೆ ಜೋತುಬೀಳುವ ರಿಪ್ಸಾಲಿಸ್ ಅನ್ನೋ ಒಂದೇ ಒಂದು ಜಾತಿ ಮಾತ್ರ ಆಫ್ರಿಕಾ, ಮಡಗಾಸ್ಕರ್, ಶ್ರೀಲಂಕಾಗಳಲ್ಲಿ ತಾನಾಗಿಯೇ ಕಂಡುಬರುತ್ತೆ. ಹಾಗಾದರೆ ನಮ್ಮ ಕಡೆಯ ಯಾವುದೇ ದ್ವೀಪದಲ್ಲಿ ಮುಳ್ಳಿನ ಕ್ಯಾಕ್ಟಸ್ ಕಂಡರೆ ಏನರ್ಥ? ಯಾರೋ ತಂದಿದ್ದಾರೆ. ಯಾರು ತಂದರು, ಯಾಕೆ ತಂದರು?

ಅದಕ್ಕೆ ಬರುವ ಮುನ್ನ ಹೆಸರುಗಳ ಕಡೆ ಒಂದು ನೋಟ. ಕೊಚ್ಚಿಯಲ್ಲಿದ್ದ ಡಚ್ ಅಧಿಕಾರಿ ವಾನ್ ರೀಡ್ ಮಲಬಾರಿನ ಗಿಡಗಳ ಬಗ್ಗೆ 12 ಸಂಪುಟಗಳ ‘ಹೊರ್ತುಸ್ ಮಲಬಾರಿಕುಸ್’ ಮಾಡಿಸಿದ. 1678ರಿಂದ 1693ರವರೆಗೆ ಅದು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅಚ್ಚಾಯಿತು. ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯರೂ ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಎಂಬ ಮೂವರು ಕೊಂಕಣಿ ಪಂಡಿತರೂ ಅದಕ್ಕೆ ಮಾಹಿತಿ ಕೊಟ್ಟರು. ಆ ಪುಸ್ತಕದ ತಿರುಕಳ್ಳಿಯನ್ನು ನೋಡಿ 1753ರಲ್ಲಿ ಸ್ವೀಡನ್ನಿನ ಲಿನೇಯಸ್ ಕೊಟ್ಟ ಹೆಸರು ಯೂಫೋರ್ಬಿಯಾ ತಿರುಕಳ್ಳಿ. ನಮ್ಮ ಬೇಲಿಯ ಕೋಲುಕಳ್ಳಿ ಇದೇ. ಮೂಲತಃ ಆಫ್ರಿಕಾದ ಗಿಡ; ಜಗತ್ತಿನ ಎಲ್ಲ ಸಸ್ಯೋದ್ಯಾನಗಳ ಫಲಕದಲ್ಲೂ ನಮ್ಮ ದ್ರಾವಿಡ ‘ಕಳ್ಳಿ’ ಹೊತ್ತು ನಿಂತಿದೆ.

ಚದುರಗಳ್ಳಿಗೆ ಲಿನೇಯಸ್ ‘ಆಂಟಿಕ್ವೋರಂ’, ಅಂದರೆ ‘ಪ್ರಾಚೀನರದ್ದು’ ಅಂತ ಹೆಸರಿಟ್ಟ. ಗ್ರೀಕರು, ರೋಮನ್ನರು ಔಷಧಿಗೆ ಬಳಸುತ್ತಿದ್ದ ಯೂಫೋರ್ಬಿಯಂ ಅಂಟು ಈ ಮರದ್ದೇ ಅಂದುಕೊಂಡ. ನಿಜದಲ್ಲಿ ಆ ಅಂಟು ಮೊರಾಕ್ಕೋದ ಬೆಟ್ಟಗಳ ಬೇರೊಂದು ಕಳ್ಳಿಯದ್ದು. ತಪ್ಪು ಗೊತ್ತಾಯಿತು, ಹೆಸರು ಮಾತ್ರ ಹಾಗೇ ಉಳಿಯಿತು. ಸಸ್ಯಶಾಸ್ತ್ರದ ಪಿತಾಮಹನಿಗೇ ಗುರುತು ತಪ್ಪಿತ್ತು ನೋಡಿ. ಆದರೆ ಇದರಿಂದ ಯಾರ ಹೊಲವೂ ಹಾಳಾಗಲಿಲ್ಲ. ಮುಂದಿನ ತಪ್ಪು ಹಾಗಲ್ಲ.

ಈಗ ಪಾಪಾಸುಕಳ್ಳಿಗೆ ಬರೋಣ. ಉತ್ತರ ಕರ್ನಾಟಕದವರಿಗೆ ಡಬ್ಬಗಳ್ಳಿ, ನಮ್ಮ ತೆಲುಗು ನೆರೆಯವರಿಗೆ ನಾಗಜೆಮುಡು, ಹಿಂದಿಯಲ್ಲಿ ನಾಗಫಣಿ. ಪಾಪಾಸುಕಳ್ಳಿಯಲ್ಲಿ ‘ಪಾಪ’ ಇಲ್ಲ. ಪಾಪಾಸು ಅಂದರೆ ಚಪ್ಪಲಿ, ಪಾರ್ಸಿಯ ‘ಪಾಪೋಶ್’ನಿಂದ ಬಂದ ಮಾತು, ಹೈದರಾಬಾದಿನ ಹಳೇ ಉರ್ದು ಬಲ್ಲವರಿಗೆ ಬೇಗ ಹೊಳೆಯುತ್ತೆ. ಚಪ್ಪಲಿಯಾಕಾರದ ಕಳ್ಳಿ. ಊರಲ್ಲಿ ಮೊದಲಿನಿಂದ ಇದ್ದ ಕಳ್ಳಿಗಳ ಸಾಲಿಗೆ ಈ ಹೊಸಬನನ್ನು ಸೇರಿಸುವಾಗ ನಮ್ಮ ಜನ ಒಂದು ವಲಸೆ ಬಂದ ಪದವನ್ನೇ ಎತ್ತಿಕೊಂಡರು. ಇದು ಅಪ್ಪಟ ಕ್ಯಾಕ್ಟಸ್. ಸಸ್ಯಶಾಸ್ತ್ರದಲ್ಲಿ ಒಪುನ್ಷಿಯಾ. ಯುರೋಪಿಯನ್ನರ ಹಡಗುಗಳ ಕಾಲದಲ್ಲಿ ಅಮೆರಿಕದಿಂದ ಬಂದದ್ದು.

ಈ ಗಿಡದ ಮೇಲೆ ಬದುಕುವ ಒಂದು ಸಣ್ಣ ಹುಳುವಿನಿಂದ ಕಡುಗೆಂಪು ಬಣ್ಣ ಬರುತ್ತೆ. ಹೆಸರು ಕೊಚಿನೀಲ್. ಮೆಕ್ಸಿಕೋ ಸ್ಪೇನಿನ ಕೈಯಲ್ಲಿದ್ದುದರಿಂದ ಆ ವ್ಯಾಪಾರದ ಲಾಭವೆಲ್ಲ ಸ್ಪೇನಿಗೆ. ಈಸ್ಟ್ ಇಂಡಿಯಾ ಕಂಪನಿಗೆ ಹೊಟ್ಟೆಯುರಿ ಇರದೇ ಇರುತ್ತಾ? ಮದ್ರಾಸಿನಲ್ಲಿ ಕಂಪನಿಯ ವೈದ್ಯ ಜೇಮ್ಸ್ ಆಂಡರ್ಸನ್ 1780ರ ದಶಕದಲ್ಲೇ ಲಂಡನ್ನಿಗೆ ಪತ್ರ ಬರೆದು, ಸೈದಾಪೇಟೆ ಬಳಿ ಕಳ್ಳಿ ತೋಟವನ್ನೇ ಹಾಕಿಸಿದ. ಗಿಡ ಇತ್ತು, ಹುಳು ಇರಲಿಲ್ಲ.

1795ರಲ್ಲಿ ನೀಲ್ಸನ್ ಎಂಬ ಕ್ಯಾಪ್ಟನ್ ಬ್ರೆಜಿಲಿನ ರಿಯೋ ಡಿ ಜನೈರೋದಲ್ಲಿ ಹಡಗು ನಿಂತಾಗ ಹುಳು ಹತ್ತಿದ ಕಳ್ಳಿ ಹಲಗೆಗಳನ್ನು ಹೊತ್ತು ಕಲ್ಕತ್ತಾಗೆ ತಂದ. ಎಲ್ಲರಿಗೂ ಸಂಭ್ರಮ. ಆದರೆ ಅದು ಬಣ್ಣದ ಹುಳು ಅಲ್ಲ, ಅದರ ಕಾಡು ದಾಯಾದಿ. ಇವತ್ತಿನ ಹೆಸರು ಡ್ಯಾಕ್ಟಿಲೋಪಿಯಸ್ ಸಿಲೋನಿಕಸ್. ಬಣ್ಣ ಕಳಪೆ. ಹಸಿವು ಮಾತ್ರ ಜಬರ್ದಸ್ತ್. ಒಪುನ್ಷಿಯಾ ಮೊನಾಕಾಂತಾ ಎಂಬ ಒಂದು ಜಾತಿಯ ಕಳ್ಳಿಯನ್ನು ಅದು ಊರೂರಲ್ಲಿ ತಿಂದು ಮುಗಿಸಿತು. ಬಣ್ಣದ ಆಸೆಗೆ ತಂದದ್ದು ಕಳೆ ತೆಗೆಯುವ ಕೂಲಿಯಾಯಿತು! 1865ರ ಸುಮಾರಿಗೆ ಸಿಲೋನಿನವರು ಇದನ್ನು ಬೇಕಂತಲೇ ಭಾರತದಿಂದ ಒಯ್ದು ತಮ್ಮ ಕಳ್ಳಿಯ ಮೇಲೆ ಬಿಟ್ಟರು. ಒಂದು ದೇಶದಿಂದ ಇನ್ನೊಂದಕ್ಕೆ ಕಳೆ ಕೊಲ್ಲಲೆಂದೇ ಕೀಟ ಸಾಗಿಸಿದ ಮೊದಲ ಉದಾಹರಣೆ ಇದು ಎನ್ನುತ್ತಾರೆ.

ಹಾಗಾದರೆ ದಕ್ಷಿಣದ ಬಯಲುಸೀಮೆಯಲ್ಲಿ ಪಾಪಾಸುಕಳ್ಳಿ ಯಾಕೆ ಉಳಿಯಿತು? ಇಲ್ಲೇ ಗುರುತಿನ ಪ್ರಶ್ನೆ ಬರೋದು. ನಮ್ಮಲ್ಲಿ ಹಬ್ಬಿದ್ದು ಹಳದಿ ಹೂವಿನ, ಉದ್ದ ಹಳದಿ ಮುಳ್ಳಿನ ಡಿಲ್ಲೆನೈ ಜಾತಿ. ನಮ್ಮ ಕಣ್ಣಿಗೆ ಎರಡೂ ಒಂದೇ ಕಳ್ಳಿ. ಹುಳು ಒಪ್ಪಲಿಲ್ಲ, ಮೂಸಿಯೂ ನೋಡಲಿಲ್ಲ. ಈ ಕಳ್ಳಿ ಒಮ್ಮೆ ಬೇರೂರಿದರೆ ಹೊಲದ ಬದು, ಗೋಮಾಳ, ಊರ ಹೊರಗಿನ ದಾರಿ ಎಲ್ಲ ಹೋದಂತೆ. ಕಡಿದು ಬಿಸಾಕಿದ ಪ್ರತಿ ತುಂಡೂ ಮತ್ತೆ ಚಿಗುರುತ್ತೆ. ಗುದ್ದಲಿ ಹಿಡಿದ ರೈತ ಸೋಲುವುದೇ ಹೆಚ್ಚು.

1920ರ ದಶಕದಲ್ಲಿ ಆಸ್ಟ್ರೇಲಿಯಾ ಕೂಡ ಕಳ್ಳಿಯ ಕಾಟದಲ್ಲಿ ಮುಳುಗಿತ್ತು. ಅಲ್ಲಿನವರು ಅಮೆರಿಕದಿಂದ ಹಲವು ಕೀಟಗಳನ್ನು ತರಿಸಿ ಪರೀಕ್ಷಿಸಿದರು. ಅವುಗಳಲ್ಲಿ ಡ್ಯಾಕ್ಟಿಲೋಪಿಯಸ್ ಒಪುನ್ಷಿಯೇ ಎಂಬುದು ಸಿಲೋನಿಗೆ ಬಂತು, ಅಲ್ಲಿಂದ 1926ರಲ್ಲಿ ದಕ್ಷಿಣ ಭಾರತಕ್ಕೆ. ಇದು ನಮ್ಮ ಡಿಲ್ಲೆನೈ ಕಳ್ಳಿಯನ್ನು ಸರಿಯಾಗಿ ಗುರುತಿಸಿತು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿ ಕೀಟಶಾಸ್ತ್ರಜ್ಞರಾಗಿದ್ದ ಕುಂಞಿ ಕಣ್ಣನ್ ಈ ಕಳ್ಳಿ ನಿಯಂತ್ರಣದ ಕೆಲಸದ ಬಗ್ಗೆ ಆ ದಿನಗಳಲ್ಲಿ ಬರೆದಿದ್ದಾರೆ. ವಿಧಾನ ಬಹಳ ಸರಳ: ಹುಳು ಹತ್ತಿದ ಹಲಗೆ ತಂದು ಹುಳುವಿಲ್ಲದ ಗಿಡದ ಮೇಲೆ ಇಡೋದು. ಹೆಣ್ಣು ಹುಳುವಿಗೆ ರೆಕ್ಕೆ ಇಲ್ಲ, ಮರಿಗಳು ಹರಿದು ಹೋಗುತ್ತವೆ, ಗಾಳಿಯಲ್ಲಿ ತೇಲಿ ಹೋಗುತ್ತವೆ. ಮೇಲೆ ಬಿಳಿ ಹತ್ತಿ ಅಂಟಿದಂತೆ ಕಾಣುತ್ತೆ, ಉಗುರಲ್ಲಿ ಒತ್ತಿದರೆ ಕೆಂಪು. ಕೆಲವೇ ವರ್ಷಗಳಲ್ಲಿ ಕಳ್ಳಿಯ ಪೊದೆಗಳು ಕುಸಿದವು, ಭೂಮಿ ಮತ್ತೆ ನೇಗಿಲಿಗೆ ಸಿಕ್ಕಿತು.

ಕಥೆಯನ್ನು ಇಲ್ಲಿಗೆ ಮುಗಿಸಿದ್ದರೆ ‘ಸರಿಯಾದ ಗುರುತು, ಸರಿಯಾದ ಹುಳು, ಶುಭಂ’ ಅನ್ನಬಹುದಿತ್ತು. ಆದರೆ ಅದೇ ದಶಕದಲ್ಲಿ ಹಿಂದೂ ಮಹಾಸಾಗರದ ಆಚೆ ದಡದ ಇನ್ನೊಂದು ದ್ವೀಪದಲ್ಲಿ ನಡೆದದ್ದನ್ನು ಕೇಳಿ.

ಮಡಗಾಸ್ಕರಿನ ದಕ್ಷಿಣ ತುದಿಯ ಆಂಡ್ರೋಯ್ ಪ್ರದೇಶ ನಮ್ಮ ಚಳ್ಳಕೆರೆ ಕಡೆಗಿಂತಲೂ ಒಣ ಸೀಮೆ. ಅಲ್ಲಿ ಸ್ಥಳೀಯ ಮುಳ್ಳುಮರಗಳ ಕಾಡೇ ಇದೆ: ಯೂಫೋರ್ಬಿಯಾಗಳು, ಜೊತೆಗೆ ಡಿಡಿಯೆರಿಯಾ ಎಂಬ, ಆ ದ್ವೀಪದಲ್ಲಿ ಮಾತ್ರ ಕಾಣುವ ಮರಗಳು. ಈ ಕಾಡಿನ ನಡುವೆ ಅಮೆರಿಕದ ಕಳ್ಳಿಯೂ ಬಂದು ನೆಲೆಯೂರಿತ್ತು. 1769ರಲ್ಲಿ ಫ್ರೆಂಚ್ ಅಧಿಕಾರಿ ಮೊದಾವ್ ತನ್ನ ಕೋಟೆಯ ರಕ್ಷಣೆಗೆಂದು ಅದನ್ನು ನೆಡಿಸಿದ ಎನ್ನುತ್ತಾರೆ. ಅಲ್ಲಿನ ಭಾಷೆಯಲ್ಲಿ ಅದರ ಹೆಸರು ‘ರಕೇಟ’. ದನ ಸಾಕುವ ತಂಡ್ರೋಯ್ ಜನ ಅದನ್ನು ಮನೆಯವನನ್ನಾಗಿ ಮಾಡಿಕೊಂಡರು. ಊರಿಗೆ ಬೇಲಿ ಅದು. ಬರದಲ್ಲಿ ಮುಳ್ಳು ಸುಟ್ಟರೆ ದನಕ್ಕೆ ಮೇವು ಅದು, ನೀರೂ ಅದೇ. ಹಣ್ಣು ಜನಕ್ಕೆ ಊಟ. 1896ರಲ್ಲಿ ದ್ವೀಪವನ್ನು ವಶಕ್ಕೆ ತೆಗೆದುಕೊಂಡ ಫ್ರೆಂಚರಿಗೆ ಈ ಬೇಲಿಗಳ ಒಳಗೆ ನುಗ್ಗುವುದೇ ಕಷ್ಟವಾಗಿತ್ತು.

1924ರಲ್ಲಿ ತುಲಿಯರ್ ಪಟ್ಟಣದ ಬಳಿ ಹುಳು ಬಿಡಲಾಯಿತು. ಕಳ್ಳಿ ಮೊನಾಕಾಂತಾ ಜಾತಿಯದ್ದು. ಹುಳು ಒಂದು ಶತಮಾನದ ಹಿಂದೆ ಕಲ್ಕತ್ತಾಗೆ ಬಂದಿದ್ದ ಅದೇ ಬಗೆಯದ್ದು ಎಂದು ಕೀಟಶಾಸ್ತ್ರದ ದಾಖಲೆಗಳು ಹೇಳುತ್ತವೆ. ಸಸ್ಯಶಾಸ್ತ್ರಜ್ಞ ಪೆರಿಯೇ ಡಿ ಲಾ ಬಾತಿ ಇದನ್ನು ಬೆಂಬಲಿಸಿದ್ದವರು. ಕಳ್ಳಿ ಭೂಮಿಯನ್ನು ಹಾಳುಮಾಡುತ್ತಿದೆ ಎಂಬುದು ಅವರ ವಾದ. ಐದಾರು ವರ್ಷಗಳಲ್ಲಿ ದಕ್ಷಿಣದ ರಕೇಟ ಸರ್ವನಾಶವಾಯಿತು. ಹಿಂದೆಯೇ ಬರ. ದನಗಳು ಸತ್ತವು. 1930ರ ಸುಮಾರಿಗೆ ಭೀಕರ ಕ್ಷಾಮ. ಜನ ಸತ್ತರು, ಉಳಿದವರು ಎಷ್ಟೋ ಮಂದಿ ಕೂಲಿ ಹುಡುಕಿಕೊಂಡು ದೂರದ ಊರುಗಳಿಗೆ ನಡೆದರು. ಇದು ಉದ್ದೇಶವೋ ಉಡಾಫೆಯೋ ಎಂದು ಇತಿಹಾಸಕಾರರು ಇನ್ನೂ ವಾದ ಮಾಡುತ್ತಿದ್ದಾರೆ.

ಇಲ್ಲಿ ಗಮನಿಸಿ. ಮಡಗಾಸ್ಕರಿನಲ್ಲಿ ಹುಳುವಿಗೆ ಗಿಡದ ಜಾತಿ ತಪ್ಪಲಿಲ್ಲ. ತಪ್ಪಿದ್ದು ಇನ್ನೊಂದು ಪ್ರಶ್ನೆ: ಈ ಗಿಡ ಇಲ್ಲಿ ಯಾರಿಗೆ ಏನು? ಮೈಸೂರಿನ ರೈತನಿಗೆ ಕಳ್ಳಿ ಹೊಲ ನುಂಗಿದ ಶತ್ರು, ಆಂಡ್ರೋಯ್‌ನ ದನಗಾಹಿಗೆ ಬರಗಾಲದ ಕಣಜ. ಇದಕ್ಕೆ ಉತ್ತರ ಸಸ್ಯಶಾಸ್ತ್ರದ ಪುಸ್ತಕದಲ್ಲಿ ಸಿಗಲ್ಲ, ಆ ಊರಿನವರ ಬಾಯಲ್ಲಿ ಸಿಗುತ್ತೆ. ಅವರನ್ನು ಕೇಳದೆ ಹುಳು ಬಿಟ್ಟದ್ದೇ ಆ ದುರಂತದ ಬೇರು ಅಂತ ನನ್ನ ಅಭಿಪ್ರಾಯ.

ಇದೆಲ್ಲ ನೂರು ವರ್ಷ ಹಳೇ ಮಾತು ಅನ್ನಬೇಡಿ. ಮೈಸೂರಿನ ಹೊಲ ಉಳಿಸಿದ ಅದೇ ಒಪುನ್ಷಿಯೇ ಹುಳು 2014ರಲ್ಲಿ ಮೊರಾಕ್ಕೋಗೆ ಹೇಗೋ ನುಸುಳಿತು. ಅಲ್ಲಿ ಜನ ಹಣ್ಣಿಗೂ ಮೇವಿಗೂ ಬೆಳೆಸುತ್ತಿದ್ದ ಕಳ್ಳಿ ತೋಟಗಳು ನಾಶವಾದವು. ನಮ್ಮಲ್ಲೂ ಈಗ ಒಣಭೂಮಿಯಲ್ಲಿ ಮೇವಿಗಾಗಿ ಮುಳ್ಳಿಲ್ಲದ ಕಳ್ಳಿ ಬೆಳೆಸಿ ಎಂದು ಕೇಂದ್ರ ಸರ್ಕಾರವೇ ಪ್ರೋತ್ಸಾಹ ಕೊಡುತ್ತಿದೆ. ಅಜ್ಜಂದಿರು ಬೇರು ಸಮೇತ ಕಿತ್ತ ಗಿಡದ ದಾಯಾದಿಯನ್ನು ಮೊಮ್ಮಕ್ಕಳಿಗೆ ನೆಡಲು ಹೇಳುವ ಕಾಲ. ಬೇಡ ಅಂತ ನಾನು ಹೇಳ್ತಿಲ್ಲ. ಬರದ ವರ್ಷ ಮೇವಿನ ಬೆಲೆ ಏನಾಗುತ್ತೆ ಅಂತ ಊರಲ್ಲಿ ದನ ಕಟ್ಟಿರುವವರಿಗೆ ಗೊತ್ತು. ಆದರೆ ಯಾವ ಜಾತಿ, ಯಾರ ಜಮೀನು, ಹತ್ತಿಯಂತೆ ಕಾಣುವ ಆ ಹುಳು ಬಂದರೆ ಏನು ಮಾಡೋದು, ಈ ಮೂರನ್ನೂ ನೆಡುವ ಮುಂಚೆಯೇ ಕೇಳಬೇಕು.

ಮುಂದಿನ ಸಲ ಯಾವುದಾದರೂ ದ್ವೀಪದಲ್ಲಿ ಮುಳ್ಳಿನ ಮರ ಕಂಡರೆ ಹತ್ತಿರದಿಂದ ಮುಳ್ಳು ನೋಡಿ, ಜೋಡಿಯೋ ಗೊಂಚಲೋ ಅಂತ. ಆ್ಯಪ್ ಲ್ಯಾಟಿನ್ ಹೆಸರು ಕೊಡುತ್ತೆ. ಆಮೇಲೆ ಪಕ್ಕದಲ್ಲಿ ಎಳನೀರು ಮಾರುವವರನ್ನು ಎರಡು ಮಾತು ಕೇಳಿ: ನಿಮ್ಮ ಭಾಷೆಯಲ್ಲಿ ಇದಕ್ಕೆ ಏನಂತೀರಿ, ಇದರಿಂದ ಏನು ಮಾಡ್ತೀರಿ? ಸಿಕ್ಕ ಉತ್ತರವನ್ನು ಫೋಟೋ ಜೊತೆಗೇ ಬರೆದಿಟ್ಟುಕೊಳ್ಳಿ.