ಬೆಳಕಿಗೆ ಬ್ರ್ಯಾಂಡ್ ಇಲ್ಲ, ಸ್ವಿಚ್‌ಗೆ ಯಾಕೆ ಬೇಕು?

2021ರ ಜೂನ್. ಸುಬ್ರಹ್ಮಣ್ಯಕ್ಕೆ ಹತ್ತಿರದ ಗುತ್ತಿಗಾರಿನ ಬಳ್ಳಕದಲ್ಲಿ ರಸ್ತೆ ಬದಿ ಕೂತು ಆನ್‌ಲೈನ್ ಕ್ಲಾಸ್ ಕೇಳುತ್ತಿದ್ದ ಹುಡುಗಿ, ಮಳೆಗೆ ಕೊಡೆ ಹಿಡಿದು ನಿಂತ ಅಪ್ಪ. ಆ ಫೋಟೋ ದೇಶವೆಲ್ಲ ಸುತ್ತಿತು. ನಾವೆಲ್ಲ ಟವರ್ ಬಗ್ಗೆ ಮಾತಾಡಿದೆವು. ಆದರೆ ಟವರ್ ಆಗಲಿ, ಪಂಚಾಯತ್ ಕಚೇರಿಯಾಗಲಿ, ನಂಬಿಕೆಯ ಇಂಟರ್‌ನೆಟ್ ಬರೋದು ಫೈಬರಿನಲ್ಲಿ. ಆ ಫೈಬರಿನ ತುದಿಯಲ್ಲಿ ಬೆರಳುದ್ದದ ಒಂದು ಲೋಹದ ತುಂಡಿರುತ್ತೆ. ಅದರೊಳಗೂ ರಾಜಕೀಯ ಇದೆ.

ಏನಿದು ತುಂಡು?

ಹೆಸರು ಆಪ್ಟಿಕಲ್ ಟ್ರಾನ್ಸೀವರ್. ಸ್ವಿಚ್‌ನ ವಿದ್ಯುತ್ ಸಂಕೇತವನ್ನು ಬೆಳಕು ಮಾಡಿ ಕಳಿಸುತ್ತೆ, ಬಂದ ಬೆಳಕನ್ನು ಮತ್ತೆ ವಿದ್ಯುತ್ ಮಾಡುತ್ತೆ. ಹೆಚ್ಚು ಬಳಕೆಯಲ್ಲಿರೋದು ಎಸ್‌ಎಫ್‌ಪಿ ಮಾದರಿ. ಇದರ ಅಳತೆ, ಪಿನ್, ವಿದ್ಯುತ್ ಎಲ್ಲವೂ ಹಲವು ಕಂಪನಿಗಳು ಸೇರಿ 2001ರ ಹೊತ್ತಿಗೆ ಮಾಡಿಕೊಂಡ ಒಪ್ಪಂದದ ಪ್ರಕಾರ ಇವೆ. ಯಾರ ಮಾಡ್ಯೂಲ್ ಆದರೂ ಯಾರ ಸ್ವಿಚ್‌ಗಾದರೂ ಹೊಂದಬೇಕು ಅನ್ನೋದೇ ಉದ್ದೇಶ.

ನಿಜಕ್ಕೂ ಹೊಂದಬೇಕಾದ್ದು ಏನು?

ಎರಡು ತುದಿಯ ಸ್ವಿಚ್‌ಗಳು ಬೇರೆ ಬೇರೆ ಕಂಪನಿಯದ್ದಾದರೂ ಪರವಾಗಿಲ್ಲ. ಇವಿಷ್ಟು ನೋಡಿಕೊಳ್ಳಿ:

ವೇಗ: ಎರಡೂ ಕಡೆ ಒಂದೇ ಇರಬೇಕು. ಒಂದು ಗಿಗಾಬಿಟ್ ಲಿಂಕ್‌ನಲ್ಲಿ ಆಟೋ ನೆಗೋಷಿಯೇಷನ್, 25 ಅಥವಾ 100 ಗಿಗಾಬಿಟ್‌ನಲ್ಲಿ ದೋಷ ತಿದ್ದುವ ವಿಧಾನವೂ ಒಂದೇ ಇರಬೇಕು. ಕಂಪನಿ ಬದಲಾದಾಗ ಹೆಚ್ಚಾಗಿ ಎಡವೋದು ಇಲ್ಲೇ.

ತರಂಗಾಂತರ: 850 ನ್ಯಾನೊಮೀಟರ್ ಎದುರು 1310 ಇಟ್ಟರೆ ಲಿಂಕ್ ಏಳಲ್ಲ. ಒಂದೇ ಎಳೆಯಲ್ಲಿ ಹೋಗಿ ಬರುವ ಬೈಡೈ ಮಾಡ್ಯೂಲ್ ಆದರೆ ಉಲ್ಟಾ: ಒಂದು ಕಡೆ 1310 ಕಳಿಸಿದರೆ ಇನ್ನೊಂದು ಕಡೆ 1490 ಕಳಿಸಬೇಕು. ಅವನ್ನು ಜೋಡಿಯಾಗಿಯೇ ತರಬೇಕು.

ಫೈಬರ್ ಮತ್ತು ದೂರ: 10 ಕಿ.ಮೀ. ಓಡಬೇಕಾದರೆ ಸಿಂಗಲ್ ಮೋಡ್ ಫೈಬರ್ ಬೇಕು. 80 ಕಿ.ಮೀ. ಮಾಡ್ಯೂಲನ್ನು ಪಕ್ಕದ ಕಟ್ಟಡಕ್ಕೆ ನೇರ ಹಾಕಬೇಡಿ, ಬೆಳಕು ಜಾಸ್ತಿಯಾಗಿ ಎದುರಿನ ರಿಸೀವರ್ ಹಾಳಾಗಬಹುದು.

ಹಾಗಾದರೆ ತಕರಾರು ಎಲ್ಲಿ?

ಮಾಡ್ಯೂಲ್ ಮತ್ತು ಅದನ್ನು ಹಾಕಿದ ಸ್ವಿಚ್ ನಡುವೆ. ಪ್ರತಿ ಎಸ್‌ಎಫ್‌ಪಿ ಒಳಗೆ ಒಂದು ಪುಟ್ಟ ಮೆಮೊರಿ ಚಿಪ್ ಇದೆ. ಅದರಲ್ಲಿ ತಯಾರಕರ ಹೆಸರಿಗೆ 16 ಬೈಟ್ ಜಾಗ, ಜೊತೆಗೆ ಪಾರ್ಟ್ ನಂಬರ್, ಸೀರಿಯಲ್ ನಂಬರ್. ಸ್ವಿಚ್‌ನ ಸಾಫ್ಟ್‌ವೇರ್ ಇದನ್ನು ಓದಿ, ಹೆಸರು ತನ್ನ ಪಟ್ಟಿಯಲ್ಲಿ ಇಲ್ಲ ಅಂದ್ರೆ ಪೋರ್ಟನ್ನೇ ಬಂದ್ ಮಾಡಬಹುದು. ಬೆಳಕು ಸರಿ ಇದೆ, ಗಾಜು ಸರಿ ಇದೆ, ಹೆಸರು ಮಾತ್ರ ಸರಿ ಇಲ್ಲ!

ಸಿಸ್ಕೊದ ಹಲವು ಸ್ವಿಚ್‌ಗಳಲ್ಲಿ ‘ಸರ್ವಿಸ್ ಅನ್‌ಸಪೋರ್ಟೆಡ್-ಟ್ರಾನ್ಸೀವರ್’ ಅಂತ ಒಂದು ಕಮಾಂಡ್ ಕೊಟ್ಟರೆ ಹೊರಗಿನ ಮಾಡ್ಯೂಲನ್ನೂ ಒಪ್ಪುತ್ತೆ. ಅಂದ ಮೇಲೆ ತಡೆ ಇದ್ದದ್ದು ಭೌತಶಾಸ್ತ್ರದಲ್ಲಿ ಅಲ್ಲ, ಸಾಫ್ಟ್‌ವೇರಿನಲ್ಲಿ.

ಕಂಪನಿಗಳ ವಾದವೂ ಪೂರ್ತಿ ಸುಳ್ಳಲ್ಲ. ಕಳಪೆ ಮಾಡ್ಯೂಲ್ ಬಿಸಿಯಾಗುತ್ತೆ, ತಪ್ಪು ರೀಡಿಂಗ್ ಕೊಡುತ್ತೆ, ಆಮೇಲೆ ಬೈಗುಳ ಸ್ವಿಚ್ ಮಾಡಿದವರಿಗೆ. ಆದರೆ ಅದಕ್ಕೆ ಎಚ್ಚರಿಕೆ ಸಂದೇಶ ಸಾಕು, ಬೀಗ ಯಾಕೆ?

ನಮ್ಮೂರಿಗೇನು?

2023ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ 1,39,579 ಕೋಟಿ ರೂ.ಗಳ ಪರಿಷ್ಕೃತ ಭಾರತ್‌ನೆಟ್‌ಗೆ ಒಪ್ಪಿಗೆ ಕೊಟ್ಟಿತು. ಗ್ರಾಮ ಪಂಚಾಯತ್‌ಗಳನ್ನು ರಿಂಗ್ ಆಕಾರದಲ್ಲಿ ಜೋಡಿಸಿ, ಪ್ರತಿ ಪಂಚಾಯತ್‌ನಲ್ಲಿ ರೌಟರ್ ಇಡೋದು ಯೋಜನೆ. ಆ ರೌಟರಿಗೂ ಇಂಥದ್ದೇ ಮಾಡ್ಯೂಲ್ ಬೇಕು. ಸುಬ್ರಹ್ಮಣ್ಯದ ಕಡೆಯ ಸಿಡಿಲು ನಿಮಗೆ ಗೊತ್ತಲ್ಲ. ಫೈಬರಿನಲ್ಲಿ ಕರೆಂಟ್ ಹರಿಯಲ್ಲ, ಆದರೆ ಪವರ್ ಲೈನಿನಿಂದ ಬಂದ ಏಟಿಗೆ ಉಪಕರಣ ಸುಡುತ್ತೆ. ಪುತ್ತೂರಿನಲ್ಲೋ ಮಂಗಳೂರಿನಲ್ಲೋ ಸಿಗುವ, ಮಾನದಂಡಕ್ಕೆ ಸರಿಯಾದ ಮಾಡ್ಯೂಲ್ ಹಾಕಿ ಅದೇ ದಿನ ಲಿಂಕ್ ಎಬ್ಬಿಸಬಹುದಾ, ಅಥವಾ ಅದೇ ಬ್ರ್ಯಾಂಡಿನದ್ದು ಬರೋ ತನಕ ಕಾಯಬೇಕಾ? ಬೀಗದ ಬೆಲೆ ಇಲ್ಲಿ ಗೊತ್ತಾಗೋದು.

ಇದು ನಮಗೆ ಹೊಸ ವಾದವೂ ಅಲ್ಲ. ಬಿಡಿಭಾಗಗಳನ್ನು ಹೊರಗಿನ ಮಾರುಕಟ್ಟೆಗೆ ಬಿಡದ 14 ಕಾರು ಕಂಪನಿಗಳಿಗೆ ಭಾರತೀಯ ಸ್ಪರ್ಧಾ ಆಯೋಗ 2014ರಲ್ಲಿ 2,500 ಕೋಟಿ ರೂ.ಗೂ ಹೆಚ್ಚು ದಂಡ ಹಾಕಿತ್ತು. ಕೆಲವು ಕಂಪನಿಗಳು ಅದನ್ನು ಪ್ರಶ್ನಿಸಿ ಮೇಲಕ್ಕೆ ಹೋದವು. 2022ರಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿ ಹಕ್ಕು’ ಕುರಿತು ಸಮಿತಿ ಮಾಡಿದಾಗ ಆರಿಸಿದ ಕ್ಷೇತ್ರಗಳು ಕೃಷಿ ಯಂತ್ರ, ಮೊಬೈಲ್, ಗೃಹೋಪಯೋಗಿ ವಸ್ತು, ವಾಹನ. ನೆಟ್‌ವರ್ಕ್ ಉಪಕರಣ ಆ ಪಟ್ಟಿಯಲ್ಲಿ ಇರಲಿಲ್ಲ.

ಏನು ಕೇಳಬೇಕು?

ಸಾರ್ವಜನಿಕ ದುಡ್ಡಿನ ಟೆಂಡರಿನಲ್ಲಿ ಮೂರು ಸಾಲು ಸೇರಿದರೆ ಸಾಕು. ಮಾನದಂಡಕ್ಕೆ ಸರಿಯಾದ ಯಾವ ಮಾಡ್ಯೂಲನ್ನೂ ಉಪಕರಣ ಒಪ್ಪಬೇಕು. ಬೀಗ ಇದ್ದರೆ ತೆಗೆಯುವ ಕಮಾಂಡ್ ಅಥವಾ ಕೀ ಖರೀದಿಯ ಜೊತೆಗೇ ಸಿಗಬೇಕು. ಹೊರಗಿನ ಮಾಡ್ಯೂಲ್ ಹಾಕಿದ ಒಂದೇ ಕಾರಣಕ್ಕೆ ಇಡೀ ಉಪಕರಣದ ವಾರಂಟಿ ಹೋಗಬಾರದು.

ಮುಂದಿನ ಗ್ರಾಮಸಭೆಯಲ್ಲಿ ‘ನೆಟ್ ಯಾವಾಗ ಬರುತ್ತೆ’ ಅಂತ ಕೇಳುವಾಗ ಇನ್ನೊಂದು ಪ್ರಶ್ನೆಯನ್ನೂ ಸೇರಿಸಿ: ‘ಹೋದರೆ ಎಷ್ಟು ದಿನದಲ್ಲಿ ವಾಪಸ್ ಬರುತ್ತೆ?’