ಲೈನ್ ನಿಲ್ಲಿಸುವ ಹಕ್ಕು

ಬ್ಯಾಂಕಾಗಲಿ ವಿಮಾ ಕಂಪನಿಯಾಗಲಿ, ಇಂದು ಯಾವ ಸಂಸ್ಥೆ ತನ್ನನ್ನು ತಾನು ಬದಲಾಯಿಸಿಕೊಳ್ಳಲು ಹೊರಟರೂ ಮೊದಲು ಕೇಳಿಬರುವ ಮಾತು ಅಜೈಲ್. ಚಿಕ್ಕ ತಂಡಗಳು, ಎರಡು ವಾರದ ಸ್ಪ್ರಿಂಟ್, ಬೆಳಗಿನ ಸ್ಟ್ಯಾಂಡ್‌ಅಪ್ ಮೀಟಿಂಗ್, ಗೋಡೆಯ ತುಂಬ ಬಣ್ಣದ ಚೀಟಿಗಳು. ಈ ಪದ್ಧತಿಯ ಚರಿತ್ರೆಯನ್ನು ಸಾಮಾನ್ಯವಾಗಿ 2001ರ ಫೆಬ್ರವರಿಯಿಂದ ಹೇಳುತ್ತಾರೆ. ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ 17 ಮಂದಿ ಸಾಫ್ಟ್‌ವೇರ್ ತಜ್ಞರು ಸೇರಿ ಪ್ರಣಾಳಿಕೆ ಬರೆದದ್ದು ಆಗ. ಆದರೆ ಇಡೀ ಸಂಸ್ಥೆಯ ಕೆಲಸದ ರೀತಿಯನ್ನೇ ತಿರುಗಿಸುವ ಪ್ರಯತ್ನಕ್ಕೆ ಅದಕ್ಕಿಂತ ಹಳೆಯ, ಹೆಚ್ಚು ಪಾಠವುಳ್ಳ ಚರಿತ್ರೆಯೊಂದು ಕಾರ್ಖಾನೆಯಲ್ಲಿದೆ. ಅದನ್ನು ಓದಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ತಂಡ, ಫಲಕ, ಚೀಟಿಗಳನ್ನು ಯಾರು ಬೇಕಾದರೂ ನಕಲು ಮಾಡಬಹುದು, ಆದರೆ ತಪ್ಪು ಕಂಡವನಿಗೆ ಕೆಲಸ ನಿಲ್ಲಿಸುವ ಅಧಿಕಾರ, ನಿಲ್ಲಿಸಿದ್ದಕ್ಕೆ ನೌಕರಿ ಹೋಗದೆಂಬ ಭರವಸೆ ಇವೆರಡೂ ಇಲ್ಲದ ಕಡೆ ಆ ನಕಲು ಬೇರು ಬಿಡುವುದಿಲ್ಲ.

ಕ್ಯಾಲಿಫೋರ್ನಿಯಾದ ಫ್ರಿಮಾಂಟ್‌ನಲ್ಲಿ ಜನರಲ್ ಮೋಟಾರ್ಸ್‌ನ ಕಾರು ಕಾರ್ಖಾನೆ 1982ರಲ್ಲಿ ಮುಚ್ಚಿತು. ಐದು ಜನರಲ್ಲಿ ಒಬ್ಬರು ಗೈರುಹಾಜರಾಗುವ ದಿನಗಳು, ಹೇಳದೆ ಕೇಳದೆ ಹೂಡುವ ಮುಷ್ಕರಗಳು, ಇತ್ಯರ್ಥವಾಗದೆ ರಾಶಿ ಬಿದ್ದ ದೂರುಗಳು ಅಲ್ಲಿ ಮಾಮೂಲಾಗಿದ್ದವು. ಏನೇ ಕೆಟ್ಟರೂ ಕಾರು ಜೋಡಿಸುವ ಲೈನ್ ಮಾತ್ರ ನಿಲ್ಲಬಾರದೆಂಬುದು ಆ ಕಾಲದ ಅಮೆರಿಕನ್ ಕಾರು ಕಾರ್ಖಾನೆಗಳ ಅಲಿಖಿತ ಕಾನೂನು; ದೋಷವಿರುವ ಕಾರು ಮುಂದಕ್ಕೆ ಸಾಗಿ, ಕೊನೆಯಲ್ಲಿ ರಿಪೇರಿಗೆ ನಿಲ್ಲುತ್ತಿತ್ತು. 1984ರಲ್ಲಿ ಟೊಯೊಟಾ ಮತ್ತು ಜಿ.ಎಂ. ಜಂಟಿಯಾಗಿ ಅದೇ ಕಟ್ಟಡದಲ್ಲಿ ನಮ್ಮಿ ಎಂಬ ಕಂಪನಿ ತೆರೆದವು. ಕೆಲಸಕ್ಕೆ ತೆಗೆದುಕೊಂಡವರಲ್ಲಿ ಬಹುಪಾಲು ಹಳೆಯ ಕಾರ್ಮಿಕರೇ, ಅವರ ಪರ ನಿಂತದ್ದೂ ಯು.ಎ.ಡಬ್ಲ್ಯು. ಎಂಬ ಅದೇ ಹಳೆಯ ಕಾರು ಕಾರ್ಮಿಕರ ಯೂನಿಯನ್. ನೂರಾರು ಮಂದಿಯನ್ನು ತರಬೇತಿಗೆ ಜಪಾನಿಗೆ ಕಳಿಸಿದರು. ಹತ್ತಾರು ಬಗೆಯ ಹುದ್ದೆಗಳನ್ನು ಬೆರಳೆಣಿಕೆಗೆ ಇಳಿಸಿದರು. ಲೈನಿನ ಉದ್ದಕ್ಕೂ ಒಂದು ಹಗ್ಗ ಕಟ್ಟಿ, ಸಮಸ್ಯೆ ಕಂಡ ಯಾವ ಕಾರ್ಮಿಕನಾದರೂ ಅದನ್ನು ಎಳೆಯಬಹುದು ಎಂದರು. ಎಳೆದರೆ ತಂಡದ ಮುಖಂಡ ನೆರವಿಗೆ ಓಡಿಬರಬೇಕು. ಅಷ್ಟರಲ್ಲಿ ಸರಿಯಾಗದಿದ್ದರೆ ಲೈನ್ ನಿಲ್ಲುತ್ತದೆ. 1986ರ ಕೊನೆಗೆ ಇಲ್ಲಿನ ಉತ್ಪಾದಕತೆ ಜಿ.ಎಂ.ನ ಬೇರೆಲ್ಲ ಕಾರ್ಖಾನೆಗಳನ್ನು ಮೀರಿತ್ತು, ಗೈರುಹಾಜರಿ ಶೇ. 3-4ಕ್ಕೆ ಇಳಿಯಿತು. ಊರು ಅದೇ, ಬಹುಮಟ್ಟಿಗೆ ಜನರೂ ಅವರೇ ಆಗಿದ್ದರಿಂದ, ಬದಲಾದದ್ದು ವ್ಯವಸ್ಥೆಯೇ ಎಂದು ಹೇಳಲು ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಉದ್ಯಮಗಳ ಚರಿತ್ರೆಯಲ್ಲಿ ಅಪರೂಪ.

ಹಗ್ಗದ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಒಪ್ಪಂದದ ಕಥೆಯನ್ನು ಬಿಡುತ್ತಾರೆ. ಕಂಪನಿಯ ಉಳಿವಿಗೇ ಧಕ್ಕೆ ಬರುವ ತನಕ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ, ಅದಕ್ಕೂ ಮೊದಲು ಅಧಿಕಾರಿಗಳ ಸಂಬಳ ಕಡಿತವಾಗಬೇಕು ಎಂದು ನಮ್ಮಿ ಯೂನಿಯನ್ನಿಗೆ ಬರೆದುಕೊಟ್ಟಿತ್ತು. ಈ ಮಾತಿಗೆ ಪರೀಕ್ಷೆ ಬೇಗನೆ ಬಂತು. 1987-88ರಲ್ಲಿ ಮಾರಾಟ ಕುಸಿದು ಕಾರ್ಖಾನೆ ಶೇ. 60ಕ್ಕಿಂತ ಕಡಿಮೆ ಸಾಮರ್ಥ್ಯದಲ್ಲಿ ನಡೆದಾಗಲೂ ಯಾರನ್ನೂ ಮನೆಗೆ ಕಳಿಸಲಿಲ್ಲ. ಹೆಚ್ಚಾದವರನ್ನು ತರಬೇತಿಗೆ, ಸುಧಾರಣೆಯ ಕೆಲಸಕ್ಕೆ ಹಚ್ಚಿದರು. ತನ್ನ ಕೆಲಸವನ್ನು ಇನ್ನಷ್ಟು ಸುಲಭಗೊಳಿಸುವ ಉಪಾಯ ಹೇಳಿದರೆ ತನ್ನ ಹುದ್ದೆಯೇ ಹೋದೀತೆಂಬ ಭಯವಿರುವವನು ಬಾಯಿ ತೆರೆಯುತ್ತಾನೆಯೇ? ಟೊಯೊಟಾಗೆ ಈ ಬುದ್ಧಿ ಪುಕ್ಕಟೆಯಾಗಿ ಬಂದದ್ದೂ ಅಲ್ಲ. 1950ರಲ್ಲಿ ಕಂಪನಿ ದಿವಾಳಿಯ ಅಂಚಿಗೆ ಬಂದು ಕಾರ್ಮಿಕರನ್ನು ಕೈಬಿಡಲು ಹೊರಟಾಗ ದೊಡ್ಡ ಮುಷ್ಕರವಾಯಿತು. ಹೊಣೆ ಹೊತ್ತು ಸಂಸ್ಥಾಪಕ ಕೀಚಿರೊ ಟೊಯೊಡಾ ಅಧ್ಯಕ್ಷ ಪದವಿಗೆ ರಾಜೀನಾಮೆ ಕೊಟ್ಟರು. ಉಳಿದ ಕಾಯಂ ನೌಕರರಿಗೆ ಕೆಲಸದ ಭದ್ರತೆ ಸಿಕ್ಕಿದ್ದು ಆ ಸಂಘರ್ಷದ ನಂತರ. ಕಂಪನಿಯ ಎಂಜಿನಿಯರ್ ತೈಚಿ ಓನೊ ಅವರ ಉತ್ಪಾದನಾ ಪದ್ಧತಿ ಪೂರ್ಣ ರೂಪಕ್ಕೆ ಬೆಳೆದದ್ದು ಆ ನೆಲದ ಮೇಲೆ.

ಜಿ.ಎಂ. ಇದೇ ಪಾಠವನ್ನು ಕ್ಯಾಲಿಫೋರ್ನಿಯಾದ ತನ್ನ ಇನ್ನೊಂದು ಕಾರ್ಖಾನೆಗೆ, ವ್ಯಾನ್ ನೈಸ್‌ಗೆ, ಒಯ್ಯಲು ನೋಡಿತು. ತಂಡಗಳನ್ನು ಕಟ್ಟಿದರು, ಹಗ್ಗವನ್ನೂ ತಂದರು. ಆದರೆ ಕಾರ್ಖಾನೆ ಮುಚ್ಚುತ್ತದೆಂಬ ಭಯ ವರ್ಷಗಳಿಂದ ಮನೆಮಾಡಿದ್ದ ಅಲ್ಲಿನ ಯೂನಿಯನ್ ಒಡೆದುಹೋಯಿತು, ಲೈನ್ ನಿಲ್ಲುವುದನ್ನು ಮ್ಯಾನೇಜರುಗಳಿಗೆ ಸಹಿಸಲಾಗಲಿಲ್ಲ. 1992ರಲ್ಲಿ ಅದು ಮುಚ್ಚಿಯೇ ಹೋಯಿತು.

ಕಾರು ಜೋಡಿಸುವುದಕ್ಕೂ ಸಾಫ್ಟ್‌ವೇರ್ ಬರೆಯುವುದಕ್ಕೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಅಜೈಲ್‌ನ ಜನಪ್ರಿಯ ರೂಪವಾದ ಸ್ಕ್ರಮ್‌ನ ಹೆಸರು ಬಂದದ್ದು ಟೊಯೊಟಾದಿಂದಲ್ಲ, ಹೊಸ ಸರಕಿನ ವಿನ್ಯಾಸದ ಬಗ್ಗೆ ತಕೆಯುಚಿ ಮತ್ತು ನೊನಾಕಾ 1986ರಲ್ಲಿ ಬರೆದ ಲೇಖನದಿಂದ. ಸಾಫ್ಟ್‌ವೇರನ್ನು ಕಂತುಕಂತಾಗಿ ಕಟ್ಟುವ ರೂಢಿ ಅದಕ್ಕೂ ಹಿಂದಿನದು. ಆದರೆ ಇಡೀ ಕಂಪನಿಯನ್ನು ಬದಲಾಯಿಸುವ ಮಾತು ಬಂದೊಡನೆ ಕೋಡ್ ಬರೆಯುವವರ ಪ್ರಶ್ನೆ ಹಿಂದೆ ಸರಿದು ಅಧಿಕಾರದ ಪ್ರಶ್ನೆ ಮುಂದೆ ಬರುತ್ತದೆ. ನೆದರ್‌ಲೆಂಡ್ಸ್‌ನ ಐಎನ್‌ಜಿ ಬ್ಯಾಂಕ್ 2015ರಲ್ಲಿ ಅಜೈಲ್‌ಗೆ ಹೊರಳಿದಾಗ ಮುಖ್ಯ ಕಚೇರಿಯ ಸುಮಾರು 3,500 ಮಂದಿ ತಮ್ಮ ಹುದ್ದೆ ಕಳೆದುಕೊಂಡು, ಹೊಸ ವ್ಯವಸ್ಥೆಯಲ್ಲಿ ಜಾಗಕ್ಕಾಗಿ ಮತ್ತೆ ಅರ್ಜಿ ಹಾಕಬೇಕಾಯಿತು. ಬ್ಯಾಂಕಿಗೆ ಇದರಿಂದ ವೇಗ ಸಿಕ್ಕಿದ್ದು ನಿಜ, ಬೇರೆ ಬ್ಯಾಂಕುಗಳು ಅದನ್ನು ಮಾದರಿಯೆಂದು ನೋಡಿದ್ದೂ ನಿಜ. ಆದರೂ ಫ್ರಿಮಾಂಟ್‌ನಲ್ಲಿ ಭರವಸೆ ಮೊದಲು ಬಂತು, ಇಲ್ಲಿ ಅನಿಶ್ಚಿತತೆ ಮೊದಲು ಬಂತು. ಇಂಥ ಆರಂಭದ ನಂತರ, ಯೋಜನೆ ದಾರಿ ತಪ್ಪಿದೆ ಎಂದು ಮೇಲಿನವರಿಗೆ ಹೇಳುವ ಧೈರ್ಯ ನೌಕರರಲ್ಲಿ ಹೆಚ್ಚುತ್ತದೆಂದು ನಂಬುವುದು ನನಗೆ ಕಷ್ಟ.

ಟೊಯೊಟಾವನ್ನು ಆದರ್ಶವಾಗಿ ಕೂರಿಸಬೇಕೆಂದು ಇದರ ಅರ್ಥವಲ್ಲ. ಅಲ್ಲಿ ತಾತ್ಕಾಲಿಕ ಕಾರ್ಮಿಕನಾಗಿ ದುಡಿದ ಪತ್ರಕರ್ತ ಸತೋಷಿ ಕಮಾತಾ 1973ರಲ್ಲೇ ಲೈನಿನ ಒತ್ತಡವನ್ನು ಪುಸ್ತಕವಾಗಿ ಬರೆದರು. ನಮ್ಮಿಯಲ್ಲೂ ಉಸಿರಾಡಲು ಬಿಡುವಿಲ್ಲದ ದುಡಿಮೆಯಿದೆ ಎಂದು ದೂರಿದ ಕಾರ್ಮಿಕರಿದ್ದರು. ನಮ್ಮ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ 2006ರಲ್ಲೂ 2020ರಲ್ಲೂ ಮುಷ್ಕರ, ಲಾಕೌಟ್‌ಗಳನ್ನು ಕಂಡಿತು. ಇವೆಲ್ಲ ನನ್ನ ವಾದವನ್ನು ದುರ್ಬಲಗೊಳಿಸುವುದಕ್ಕಿಂತ ಬಲಪಡಿಸುತ್ತವೆ: ಪದ್ಧತಿ ತಾನಾಗಿಯೇ ನಂಬಿಕೆಯನ್ನು ಹುಟ್ಟಿಸುವುದಿಲ್ಲ, ಅದನ್ನು ಪ್ರತಿ ಜಾಗದಲ್ಲೂ ಒಪ್ಪಂದದ ಮೂಲಕ ಗಳಿಸಬೇಕು. ಶಾಶ್ವತ ಭದ್ರತೆಯನ್ನು ಯಾವ ಕಂಪನಿಯೂ ಕೊಡಲಾರದೆಂಬ ಆಕ್ಷೇಪವೂ ಸರಿ. ನಮ್ಮಿಯೂ 2010ರ ಏಪ್ರಿಲ್‌ನಲ್ಲಿ ಬಾಗಿಲು ಹಾಕಿತು. ಅದು ಕೊಟ್ಟದ್ದು ಶಾಶ್ವತ ಭದ್ರತೆಯ ಮಾತನ್ನಲ್ಲ, ಯಾರಿಗೆ ಮೊದಲು ಪೆಟ್ಟು ಬೀಳಬೇಕೆಂಬ ಕ್ರಮವನ್ನು. ಅಷ್ಟನ್ನು ಯಾವ ಕಂಪನಿಯಾದರೂ ಬರೆದುಕೊಡಬಹುದು. ಬೆಂಗಳೂರಿನ ಕಚೇರಿಗಳಲ್ಲಿ ಅಜೈಲ್ ಪರಿವರ್ತನೆಯ ಹೊಣೆ ಹೊತ್ತಿರುವವರು ಮೊದಲ ಸ್ಪ್ರಿಂಟ್‌ಗೆ ಮುಂಚೆ ಅಂಥ ಒಂದು ಪುಟವನ್ನು ಬರೆದು, ಸಹಿ ಹಾಕಿ, ತಂಡದ ಕೈಗೆ ಕೊಡಲಿ.